ಎರಡೆಕರೆ ಹೊಲ, ಹತ್ತನೇ ಕ್ಲಾಸಿನ ಹುಡುಗಿ

ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ ಒಂದು ನೋಟ್‌ಬುಕ್ಕಿನ ವಿಷಯ ಬರೆದಿದ್ದೆ. ಓದದವರಿಗಾಗಿ ಎರಡು ಮಾತು. ನಾನು ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ 31 ವರ್ಷ ಸಮಾಜ ಕಾರ್ಯಕರ್ತೆಯಾಗಿದ್ದೆ. ಡಾಕ್ಟರಲ್ಲ, ನರ್ಸೂ ಅಲ್ಲ. ರೇಷನ್ ಕಾರ್ಡು, ಚೀಟಿ, ಸಾಲ, ಮನೆಯವರ ಜಗಳ, ಇವೇ ನನ್ನ ಕೆಲಸ. ಒಂದು ದಿನ ಗಂಡನನ್ನು ಕಳೆದುಕೊಂಡು ಮೂರು ವಾರವಾಗಿದ್ದ ಹೆಂಗಸೊಬ್ಬಳು ಮಗನ ಹಳೇ ಗಣಿತದ ನೋಟ್‌ಬುಕ್ ತಂದು ನನ್ನ ಮೇಜಿನ ಮೇಲಿಟ್ಟಳು. ಗಂಡನಿಗೆ 43 ವರ್ಷ. ಹಿಂದಿನ ಪುಟಗಳಲ್ಲಿ ಹದಿನಾಲ್ಕು ತಿಂಗಳ ಖರ್ಚು ಬರೆದಿದ್ದಳು. ಬಸ್ಸು 460. ಇಡ್ಲಿ 40. ರೂಮು 300. ಸ್ಕ್ಯಾನು 6,500. ಮತ್ತೆ ಬಸ್ಸು 460. ಇನ್ನೊಂದು ಬದಿಯಲ್ಲಿ ದುಡ್ಡು ಎಲ್ಲಿಂದ ಬಂತು ಅನ್ನೋದು. ಓಲೆ ಅಡ 18,000. ಎಮ್ಮೆ 31,000. ಅಣ್ಣನ ಕೈಗಡ 5,000. ಕೊನೆಯ ಪುಟದಲ್ಲಿ 'ಪುಟ್ಟಿ ಫೀಸು' ಅಂತ ಬರೆದು, ಮುಂದೆ ಏನೂ ಹಾಕದೆ ಗೀಟು ಎಳೆದಿದ್ದಳು.

ಆ ಗೀಟಿನ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳ ಕಟ್ಟು ಈಗ ನನ್ನ ಊಟದ ಮೇಜನ್ನೇ ಹಿಡಿದುಬಿಟ್ಟಿದೆ. ಈ ಸಲ ಬೇರೆ ಪ್ರಶ್ನೆ ಯಾವುದೂ ಬೇಡ, ಇವುಗಳಲ್ಲೇ ಆರು ತೆಗೆದುಕೊಂಡಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ.

*

ಪ್ರಶ್ನೆ: ಅಕ್ಕಾರೆ, ನನ್ನ ತಮ್ಮನಿಗೆ 38 ವರ್ಷ. ಹದಿನೈದು ವರ್ಷದಿಂದ ಗುಟ್ಕಾ ಚಟ. ಹೋದ ವರ್ಷ ಕೆನ್ನೆಯೊಳಗೆ ಹುಣ್ಣಾಗಿ ಕ್ಯಾನ್ಸರ್ ಅಂದರು. ಆಪರೇಷನ್ ಆಯಿತು, ಕರೆಂಟೂ (ರೇಡಿಯೇಶನ್) ಕೊಟ್ಟರು. ಈಗ ಮತ್ತೆ ಬಂದಿದೆ, ಶ್ವಾಸಕೋಶಕ್ಕೂ ಹೋಗಿದೆಯಂತೆ. ಆಪರೇಷನ್ ಮಾಡಿದ ಡಾಕ್ಟರು 'ಇನ್ನು ನೋವು ಕಡಿಮೆ ಮಾಡೋಣ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ' ಅಂದರು. ಇನ್ನೊಂದು ಆಸ್ಪತ್ರೆಯವರು ಹೊಸ ಇಂಜೆಕ್ಷನ್ ಇದೆ, ಒಂದು ಸಲಕ್ಕೆ ಲಕ್ಷದ ಮೇಲಾಗುತ್ತೆ, ಆರಾದರೂ ಬೇಕು ಅಂತಾರೆ. ಮೂರೆಕರೆ ಇತ್ತು, ಒಂದು ಆಗಲೇ ಹೋಯಿತು. ಉಳಿದ ಎರಡೆಕರೆಗೆ ಗಿರಾಕಿ ಬಂದಿದ್ದಾನೆ. ಮಾರಲಾ? ಮಾರದಿದ್ದರೆ 'ಹೊಲ ಉಳಿಸಿಕೊಂಡ, ತಮ್ಮನನ್ನು ಬಿಟ್ಟ' ಅಂತಾರೆ ಜನ.
— ಹಾವೇರಿ ಜಿಲ್ಲೆ

ಉತ್ತರ: ಅಣ್ಣಾ, ಮೊದಲು ಆ ಗಿರಾಕಿಗೆ ಒಂದು ತಿಂಗಳು ತಡಿಯಪ್ಪಾ ಅಂತ ಹೇಳಿ. ಆಸ್ಪತ್ರೆ ಬಾಗಿಲಲ್ಲಿ ನಿಂತವನ ಹೊಲಕ್ಕೆ ಯಾರೂ ಸರಿಯಾದ ಬೆಲೆ ಕೊಡೋದಿಲ್ಲ. ಇದನ್ನು 31 ವರ್ಷ ನೋಡಿದ್ದೇನೆ.

ಆಮೇಲೆ, ಹೊಸ ಇಂಜೆಕ್ಷನ್ ಅಂದವರ ಹತ್ತಿರ ಹೋಗಿ ಕೂತು ಮೂರು ಮಾತು ಕೇಳಿ. ಇದರಿಂದ ಕಾಯಿಲೆ ಪೂರ್ತಿ ವಾಸಿಯಾಗುತ್ತಾ? ಆಗದಿದ್ದರೆ ಎಷ್ಟು ತಿಂಗಳು ಹೆಚ್ಚು ಸಿಗಬಹುದು? ಆ ತಿಂಗಳುಗಳಲ್ಲಿ ಅವನು ಮನೆಯಲ್ಲಿರುತ್ತಾನಾ, ಆಸ್ಪತ್ರೆ ಹಾಸಿಗೆಯಲ್ಲಾ? 'ಪ್ರಯತ್ನ ಮಾಡೋಣ' ಅನ್ನೋದು ಉತ್ತರ ಅಲ್ಲ. ಮತ್ತೆ ಕೇಳಿ. ಕೇಳೋಕೆ ಸಂಕೋಚವಾದರೆ ಬರೆದುಕೊಂಡು ಹೋಗಿ.

ಇನ್ನೊಂದು ವಿಷಯ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇಂಥ ರೋಗಿಗಳಿಗೇ, ಅಂದರೆ ಗುಣಪಡಿಸಲಾಗದ ಹಂತಕ್ಕೆ ಹೋದ ತಲೆ-ಕತ್ತಿನ ಕ್ಯಾನ್ಸರಿಗೆ, ಒಂದು ಪ್ರಯೋಗ ಮಾಡಿದ್ದಾರೆ. ನಿವೊಲುಮಾಬ್ ಅಂತ ಆ ಇಂಜೆಕ್ಷನ್ನಿನ ಹೆಸರು. ಮಾಮೂಲಿ ಡೋಸಿನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ, ಬರೀ 20 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ ಕೊಟ್ಟರು. ಜೊತೆಗೆ ನುಂಗೋ ಮಾತ್ರೆಗಳು. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ವರ್ಷ ಕಳೆದ ಮೇಲೆ ಬದುಕಿದ್ದವರು ನೂರಕ್ಕೆ 16. ಇಂಜೆಕ್ಷನ್ನೂ ಸೇರಿದವರಲ್ಲಿ ನೂರಕ್ಕೆ 43. ವಾಸಿಯಾಗಲಿಲ್ಲ, ಆದರೆ ಸ್ವಲ್ಪ ಕಾಲ ಸಿಕ್ಕಿತು, ಅದೂ ಹೊಲ ಮಾರದೆ ಹೊಂದಿಸಬಹುದಾದ ಖರ್ಚಿನಲ್ಲಿ. ನಿಮ್ಮ ತಮ್ಮನಿಗೆ ಇದು ಹೊಂದುತ್ತಾ ಅಂತ ಹೇಳಬೇಕಾದವರು ಕ್ಯಾನ್ಸರ್ ಡಾಕ್ಟರು, ನಾನಲ್ಲ. 'ಕಡಿಮೆ ಡೋಸ್ ನಿವೊಲುಮಾಬ್' ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೇಳಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆಯಲ್ಲ, ಅದರಲ್ಲಿ ಇನ್ನೂ ಎಷ್ಟು ಉಳಿದಿದೆ ಅಂತಲೂ ಅಲ್ಲೇ ವಿಚಾರಿಸಿ.

ಈಗ ಹೊಲದ ಮಾತು. ನಿಮ್ಮ ಜಾಗದಲ್ಲಿ ನಾನಿದ್ದರೆ ಮಾರುತ್ತಿರಲಿಲ್ಲ. ನೇರವಾಗಿ ಹೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಬಹಳ ವರ್ಷದ ಹಿಂದೆ ನಿಮ್ಮ ಕಡೆಯದೇ ಒಂದು ಕುಟುಂಬ ಬಂದಿತ್ತು. ನಾಲ್ಕೆಕರೆ ಮಾರಿದರು. ಎರಡು ಇಂಜೆಕ್ಷನ್ ಆಯಿತು, ಮೂರನೆಯದಕ್ಕೆ ಮನುಷ್ಯ ಉಳಿಯಲಿಲ್ಲ. ಒಂದೂವರೆ ವರ್ಷ ಬಿಟ್ಟು ಅವನ ಹೆಂಡತಿ ಯಾವುದೋ ಕಾಗದಕ್ಕೆ ಅಂತ ಬಂದಳು. ಏನು ಮಾಡ್ತಿದ್ದೀಯಮ್ಮಾ ಅಂದೆ. ಕೂಲಿಗೆ ಹೋಗ್ತೀನಿ ಅಂದಳು. ಎಲ್ಲಿಗೆ ಅಂದೆ. 'ನಮ್ಮ ಹೊಲಕ್ಕೇ ರೀ. ಕಳೆ ತೆಗೆಯಾಕ. ತಗೊಂಡವರು ಒಳ್ಳೆಯವರದಾರ, ಹತ್ತು ರೂಪಾಯಿ ಜಾಸ್ತಿ ಕೊಡ್ತಾರ' ಅಂದಳು. ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಜನ ಏನಂತಾರೆ ಅನ್ನೋದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಮಾರಿದರೆ 'ಮಕ್ಕಳಿಗೆ ಒಂದು ಗೇಣು ಭೂಮಿ ಉಳಿಸಲಿಲ್ಲ' ಅನ್ನೋರೂ ಅವರೇ.

ನಿಮ್ಮ ಪತ್ರ ಎರಡು ಪುಟ ಇದೆ. ಮೇಲೆ ಹಾಕಿದ್ದು ಅದರ ಸಾರ. ಎರಡೂ ಪುಟದಲ್ಲಿ ಹುಡುಕಿದೆ, ತಮ್ಮನ ಹೆಂಡತಿಯ ಮಾತು ಒಂದೂ ಇಲ್ಲ. ಮಕ್ಕಳು ಇಬ್ಬರು ಅಂತ ಮಾತ್ರ ಇದೆ. ತಮ್ಮನದೂ ಇಲ್ಲ. ಅವನಿಗೆ ನಿಜ ಹೇಳಿದ್ದೀರಾ? ಹೇಳಿಲ್ಲ ಅಂತ ನನ್ನ ಅಂದಾಜು. ಸುಮ್ನೆ ಮುಚ್ಚಿಟ್ಟರೆ ಅವನಿಗೆ ಗೊತ್ತಾಗೋದಿಲ್ಲ ಅಂದುಕೊಳ್ಳಬೇಡಿ. ಬಾಯಿ ತೆಗೆಯಲಾಗದ ಮನುಷ್ಯ ಕಿವಿಯಲ್ಲಿ ಎಲ್ಲಾ ಕೇಳಿಸಿಕೊಳ್ಳುತ್ತಿರುತ್ತಾನೆ. ಒಂದು ಸಂಜೆ ನೀವು, ಅವನು, ಅವನ ಹೆಂಡತಿ ಮೂವರೇ ಕೂತು ಮಾತಾಡಿ. ಹೊಲ ಯಾರ ಹೆಸರಲ್ಲಿದೆ, ಸೊಸೈಟಿ ಸಾಲ ಎಷ್ಟು, ಯಾರ ಹತ್ತಿರ ಕೈಗಡ ಇದೆ, ಸಂಘದ ಸಾಲಕ್ಕೆ ವಿಮೆ ಹಿಡಿದಿದ್ದಾರಾ, ಎಲ್ಲಾ ಅವನ ಬಾಯಿಂದಲೇ ತಿಳಿದುಕೊಳ್ಳಿ. ಮಾತು ಬಾರದಿದ್ದರೆ ಬರೆಯಲಿ. ಸಾಲಕ್ಕೆ ವಿಮೆ ಇದ್ದರೆ ಸಾಲಗಾರ ತೀರಿಕೊಂಡ ಮೇಲೆ ಅದು ಚುಕ್ತಾ ಆಗುತ್ತೆ. ಎಷ್ಟೋ ಹೆಂಗಸರು ಇದು ಗೊತ್ತಿಲ್ಲದೆ ವರ್ಷಗಟ್ಟಲೆ ವಾರದ ಕಂತು ಕಟ್ಟಿದ್ದಾರೆ.

ನೋವಿನ ವಿಷಯದಲ್ಲಿ ಮಾತ್ರ ಬಗ್ಗಬೇಡಿ. ಮಾರ್ಫಿನ್ ಮಾತ್ರೆ ಅಂತ ಇದೆ, ದುಬಾರಿಯಲ್ಲ. ಅದನ್ನು ಇಟ್ಟುಕೊಳ್ಳೋ ಕಾನೂನು 2014ರಲ್ಲಿ ಸಡಿಲವಾಯಿತು, ಆದರೂ ಎಲ್ಲಾ ಅಂಗಡಿಯಲ್ಲಿ ಸಿಗೋದಿಲ್ಲ. ಆಪರೇಷನ್ ಮಾಡಿಸಿದ ಆಸ್ಪತ್ರೆಯಲ್ಲೇ 'ಪ್ಯಾಲಿಯೇಟಿವ್ ವಿಭಾಗ ಎಲ್ಲಿ' ಅಂತ ಕೇಳಿ, ನೋವು ಶಮನ ಮಾಡೋ ವಿಭಾಗ ಅದು. ಬೆಂಗಳೂರಿಗೆ ಬರೋ ಹಾಗಿದ್ದರೆ ಕರುಣಾಶ್ರಯ ಇದೆ, ಕೊನೇ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಹೆಂಡತಿಯೂ ಜೊತೆಯಲ್ಲಿ ಇರಬಹುದು.

ಮುಂದಿನದನ್ನು ಬರೆಯೋಕೆ ನನಗೂ ಕಷ್ಟ, ಆದರೂ ಬರೆಯುತ್ತೇನೆ. ಅವನು ಹೋದರೆ 21 ದಿನದೊಳಗೆ ಮರಣ ನೋಂದಣಿ ಮಾಡಿಸಿ. ಪೌತಿ ಖಾತೆಗೆ ಅರ್ಜಿ ಹಾಕಿ, ಪಹಣಿಯಲ್ಲಿ ಅವನ ಪಾಲಿಗೆ ಹೆಂಡತಿ ಮಕ್ಕಳ ಹೆಸರು ಬರಲಿ. ಇದನ್ನು ನೀವೇ ಮುಂದೆ ನಿಂತು ಮಾಡಿಸಿದರೆ ಜನರ ಬಾಯಿಗೂ ಬೀಗ ಬೀಳುತ್ತೆ. ನಾಡಕಚೇರಿಯಲ್ಲಿ ಆಕೆಗೆ ವಿಧವಾ ವೇತನದ ಅರ್ಜಿ, ಜೊತೆಗೇ ರಾಷ್ಟ್ರೀಯ ಕುಟುಂಬ ನೆರವಿನ ಅರ್ಜಿ ಹಾಕಿಸಿ. ಬಡ ಕುಟುಂಬದಲ್ಲಿ ದುಡಿಯೋರು 18ರಿಂದ 59 ವರ್ಷದೊಳಗೆ ತೀರಿಕೊಂಡರೆ ಒಂದೇ ಸಲ 20 ಸಾವಿರ ರೂಪಾಯಿ ಬರುತ್ತೆ. ಮಕ್ಕಳಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ 'ಪ್ರಾಯೋಜಕತ್ವ' ಅಂತ ಕೇಳಿ. ಹಳ್ಳಿಯಲ್ಲಿ ವರ್ಷದ ಆದಾಯ 72 ಸಾವಿರ ದಾಟದ ಮನೆಯ ಮಕ್ಕಳಿಗೆ ತಿಂಗಳಿಗೆ 4 ಸಾವಿರ ಕೊಡೋ ಯೋಜನೆ ಅದು. ಅಲ್ಲಿ ಸ್ವಲ್ಪ ಓಡಾಡಿಸುತ್ತಾರೆ. ಓಡಾಡಿ.

*

ಪ್ರಶ್ನೆ: ನನ್ನ ಉಳಿತಾಯ ಖಾತೆಯಿಂದ ಬ್ಯಾಂಕಿನವರು ಕೇಳದೇ ಕೇಳದೇ ಪ್ರತಿ ವರ್ಷ 436 ರೂಪಾಯಿ ಕತ್ತರಿಸುತ್ತಿದ್ದಾರೆ. ಇದೇನು ಹಗಲು ದರೋಡೆ? ನಿಲ್ಲಿಸೋದು ಹೇಗೆ? ನಿಮ್ಮ ಅಂಕಣಕ್ಕೆ ಸಂಬಂಧ ಇಲ್ಲದಿದ್ದರೂ ಕೇಳುತ್ತಿದ್ದೇನೆ.
— ಚಿತ್ರದುರ್ಗ

ಉತ್ತರ: ಸಂಬಂಧ ಇದೆ ಸ್ವಾಮಿ, ಭಾಳ ಇದೆ. ಕೇಳದೆ ಕತ್ತರಿಸಿದ್ದು ತಪ್ಪು, ಬ್ಯಾಂಕಿನಲ್ಲಿ ಅದನ್ನು ಕೇಳಿ. ಆದರೆ ನಿಲ್ಲಿಸಬೇಡಿ. ಅದು ಪ್ರಧಾನ ಮಂತ್ರಿ ಜೀವನ್ ಜ್ಯೋತಿ ವಿಮೆ. ಯಾವ ಕಾರಣದಿಂದ ತೀರಿಕೊಂಡರೂ ಮನೆಯವರಿಗೆ 2 ಲಕ್ಷ, ಕ್ಯಾನ್ಸರೂ ಸೇರಿ. 18ರಿಂದ 50 ವರ್ಷದೊಳಗೆ ಸೇರಬೇಕು, ವರ್ಷ ವರ್ಷ ಕಟ್ಟುತ್ತಾ ಹೋದರೆ 55ರವರೆಗೆ ಇರುತ್ತೆ. ಸೇರಿದ ಮೊದಲ 30 ದಿನದೊಳಗೆ ಅಪಘಾತ ಬಿಟ್ಟು ಬೇರೆ ಸಾವಿಗೆ ಸಿಗೋದಿಲ್ಲ. ಇನ್ನೊಂದು 20 ರೂಪಾಯಿಯದು ಕತ್ತರಿಸುತ್ತಾರಲ್ಲ, ಅದು ಅಪಘಾತಕ್ಕೆ ಮಾತ್ರ.

ನಿಮಗಿಂತ ನಿಮ್ಮ ಮನೆಯವರಿಗೆ ಇದು ಗೊತ್ತಿರಬೇಕು. ನನ್ನ ಹತ್ತಿರ ಬಂದ ಹೆಂಗಸರಿಗೆ ಮೊದಲು ನಾನು ಕೇಳುತ್ತಿದ್ದದ್ದು 'ಪಾಸ್‌ಬುಕ್ ಎಲ್ಲಿ' ಅಂತಲೇ. ಮೇ ತಿಂಗಳ ಕೊನೆಯ ಸಾಲುಗಳ ಮೇಲೆ ಬೆರಳಾಡಿಸುತ್ತಿದ್ದೆ. 436 ಕಂಡರೆ, ಮೊದಲಾದರೆ 330, ಆ ದಿನ ಒಂದು ಮನೆಗೆ 2 ಲಕ್ಷ ಸಿಕ್ಕಿತು ಅಂತ ಲೆಕ್ಕ. ಆ ಮನೆಯವರು ಸಾಲ ಮಾಡಿ ತಿಥಿ ಮುಗಿಸಿರುತ್ತಿದ್ದರು.

*

ಪ್ರಶ್ನೆ: ಮೇಡಂ, ನನ್ನ ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ಟೈಲರ್ ಆಗಿದ್ದಳು. ಗರ್ಭಕೊರಳಿನ ಕ್ಯಾನ್ಸರ್ ಆಗಿ ಮೂರು ತಿಂಗಳ ಹಿಂದೆ ತೀರಿಹೋದಳು. 41 ವರ್ಷ. ರಜೆಯಲ್ಲಿದ್ದಾಗ ಫ್ಯಾಕ್ಟರಿಯವರು 'ರಾಜೀನಾಮೆ ಕೊಟ್ಟರೆ ಪಿಎಫ್ ಬೇಗ ಬರುತ್ತೆ' ಅಂದಿದ್ದರು, ಅವಳು ಕೊಟ್ಟಿರಲಿಲ್ಲ. ಈಗ ನಮಗೆ ಏನೇನು ಬರಬೇಕು? ನಾನು ಲಗೇಜ್ ಆಟೋ ಓಡಿಸುತ್ತೇನೆ. ಮಗನಿಗೆ 9 ವರ್ಷ. ಮಗಳು ಹತ್ತನೇ ಕ್ಲಾಸು ಬಿಟ್ಟು ಮನೆ ನೋಡಿಕೊಳ್ಳುತ್ತಿದ್ದಾಳೆ, ಅದರ ಚಿಂತೆ ಇಲ್ಲ. ದುಡ್ಡಿನದೇ ಚಿಂತೆ.
— ಪೀಣ್ಯ, ಬೆಂಗಳೂರು

ಉತ್ತರ: ತಮ್ಮಾ, ನಿನಗಿಲ್ಲದ ಆ ಚಿಂತೆಯೇ ನನಗೆ ಹತ್ತಿಕೊಂಡಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀನು ಕೇಳಿದ್ದು.

ನಿನ್ನ ಹೆಂಡತಿ ಜಾಣೆ. ರಾಜೀನಾಮೆ ಬರೆದುಕೊಡದೆ ನಿನಗೆ ಲಕ್ಷಗಳನ್ನು ಉಳಿಸಿ ಹೋಗಿದ್ದಾಳೆ. ಕೆಲಸದಲ್ಲಿ ಇರುವಾಗಲೇ ತೀರಿಕೊಂಡರೆ ಪಿಎಫ್ ದುಡ್ಡಿನ ಜೊತೆಗೆ ಇನ್ನೂ ಎರಡು ಬರುತ್ತೆ. ಒಂದು ಇಡಿಎಲ್‌ಐ ಅನ್ನೋ ವಿಮೆ. ವರ್ಷ ಬಿಡದೆ ಕೆಲಸ ಮಾಡಿದ್ದರೆ ಕನಿಷ್ಠ ಎರಡೂವರೆ ಲಕ್ಷ, ಹೆಚ್ಚೆಂದರೆ 7 ಲಕ್ಷ. ಇನ್ನೊಂದು ಪಿಂಚಣಿ. ಹೆಂಡತಿ ಸತ್ತರೆ ಗಂಡನಿಗೂ ಉಂಟು, ಇದು ಬಹಳ ಗಂಡಸರಿಗೆ ಗೊತ್ತಿಲ್ಲ. ಕನಿಷ್ಠ ತಿಂಗಳಿಗೆ ಸಾವಿರ ರೂಪಾಯಿ. ಅದರ ಕಾಲುಭಾಗದಷ್ಟು ಒಬ್ಬೊಬ್ಬ ಮಗುವಿಗೆ, 25 ವರ್ಷ ತುಂಬುವವರೆಗೆ. ಪಿಎಫ್‌ಗೆ ಫಾರಂ 20, ಪಿಂಚಣಿಗೆ 10-ಡಿ, ವಿಮೆಗೆ 5-ಐಎಫ್. ಮೂರನ್ನೂ ಒಟ್ಟಿಗೇ ಹಾಕು. ಫ್ಯಾಕ್ಟರಿಯವರು ಒಂದೇ ಫಾರಂ ಸಾಕು ಅಂದರೆ ಪಿಎಫ್ ಆಫೀಸಿಗೆ ನೀನೇ ಹೋಗು.

ಇಎಸ್‌ಐನಲ್ಲಿ ಅಂತ್ಯಕ್ರಿಯೆಗೆ 15 ಸಾವಿರದವರೆಗೆ ಇದೆ, ಅದು ಬಂತಾ? ಇನ್ನೊಂದು ನೋಡು. ಕ್ಯಾನ್ಸರಿನಂಥ ದೀರ್ಘ ಕಾಯಿಲೆಗೆ ಇಎಸ್‌ಐ ಸಂಬಳದ ನೂರಕ್ಕೆ 80ರಷ್ಟನ್ನು ಎರಡು ವರ್ಷದವರೆಗೂ ಕೊಡುತ್ತೆ. ಅವಳ ಸರ್ವಿಸಿಗೆ ಅದು ಸಿಗಬೇಕಿತ್ತು. ರಜೆಯ ತಿಂಗಳುಗಳಲ್ಲಿ ಅವಳ ಖಾತೆಗೆ ದುಡ್ಡು ಬಿದ್ದಿದೆಯಾ ಪಾಸ್‌ಬುಕ್ ತೆಗೆದು ನೋಡು. ಬಿದ್ದಿಲ್ಲದಿದ್ದರೆ ಬ್ರಾಂಚ್ ಆಫೀಸಿನಲ್ಲಿ ಬಾಕಿ ಕೇಳು. ತಡ ಮಾಡಬೇಡ.

(ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಯಾರಾದರೂ ಓದುತ್ತಿದ್ದರೆ: ಹಾಸಿಗೆ ಹಿಡಿದಾಗ ರಾಜೀನಾಮೆಗೆ ಸಹಿ ಹಾಕಬೇಡಿ. ಮತ್ತೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಇದ್ದಾಗ ರಕ್ತ ಬಂದರೆ, ವಾಸನೆಯ ಬಿಳಿ ಸೆರಗು ಹೋಗುತ್ತಿದ್ದರೆ ಹಾಜರಾತಿ ಬೋನಸ್ ಹೋದರೂ ಸರಿ, ಒಂದು ದಿನ ರಜೆ ಹಾಕಿ ತೋರಿಸಿಕೊಳ್ಳಿ. ಏನೂ ತೊಂದರೆ ಇಲ್ಲದಿದ್ದರೂ ಮೂವತ್ತು ದಾಟಿದವರು ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಗರ್ಭಕೊರಳಿಗೆ ವಿನೆಗರಿನ ನೀರು ಸವರಿ ನೋಡುತ್ತಾರೆ, ಕೆಲವು ನಿಮಿಷದ ಕೆಲಸ. ಮುಂಬೈ ಕೊಳೆಗೇರಿಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಹೆಂಗಸರೇ ಇದನ್ನು ವರ್ಷಗಟ್ಟಲೆ ಮಾಡಿ ಈ ಕ್ಯಾನ್ಸರಿನ ಸಾವನ್ನು ನೂರಕ್ಕೆ 31ರಷ್ಟು ಇಳಿಸಿದ್ದಾರೆ.)

ಈಗ ಮಗಳ ವಿಷಯ. ಅವಳು ಮನೆ ನೋಡಿಕೊಳ್ಳುತ್ತಿಲ್ಲ ತಮ್ಮಾ, ನಿನ್ನ ಮನೆಯ ಸಂಬಳವಿಲ್ಲದ ಕೆಲಸಕ್ಕೆ ಸೇರಿದ್ದಾಳೆ. ಇನ್ನೆರಡು ವರ್ಷಕ್ಕೆ ಅದೇ ಫ್ಯಾಕ್ಟರಿಯ ಹೆಲ್ಪರ್, ಮೂರನೇ ವರ್ಷಕ್ಕೆ ಮದುವೆ. ನಾನು ಶಾಪ ಹಾಕುತ್ತಿಲ್ಲ. ತಾಯಿ ಬೇಗ ಹೋದ ಮನೆಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೆ ಅಂದರೆ, ದೊಡ್ಡ ಮಗಳು ಯಾವ ಕ್ಲಾಸು ಅಂತ ಕೇಳಿ ಮುಂದಿನದನ್ನು ಹೇಳಬಲ್ಲೆ.

ಮನೆಯಲ್ಲಿ ನಿಜವಾಗಿ ಎಷ್ಟು ಕೆಲಸ ಇದೆ, ಲೆಕ್ಕ ಹಾಕು. ಮಗ ಸರ್ಕಾರಿ ಶಾಲೆಯಲ್ಲಿದ್ದರೆ ಮಧ್ಯಾಹ್ನ ಬಿಸಿಯೂಟ ಇದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದೂವರೆ ಗಂಟೆ. ಅನ್ನ ಸಾರು ಮಾಡೋದು ಪೀಣ್ಯದ ಟ್ರಾಫಿಕ್‌ನಲ್ಲಿ ಲಗೇಜ್ ಆಟೋ ಓಡಿಸೋದಕ್ಕಿಂತ ಕಷ್ಟ ಇಲ್ಲ, ಕಲಿತುಕೋ. ಸಂಜೆ ಮಗನನ್ನು ಒಂದು ಗಂಟೆ ಕೂರಿಸಿಕೊಳ್ಳೋಕೆ ವಠಾರದಲ್ಲಿ ಯಾರಿಗಾದರೂ ತಿಂಗಳಿಗೆ ಇಷ್ಟು ಅಂತ ಕೊಡು. ಪಿಂಚಣಿ ದುಡ್ಡು ಅದಕ್ಕೇ ಹೋಗಲಿ. ನಾಳೆಯೇ ಶಾಲೆಗೆ ಹೋಗಿ ಹೆಡ್‌ಮಾಸ್ಟರನ್ನು ನೋಡು, ಹೀಗಾಗಿದೆ ಅಂತ ಹೇಳು. ಈ ವರ್ಷ ಹಾಜರಾತಿ ಸಾಲದೆ ಹೋದರೆ ಮುಂದಿನ ಸಲ ಖಾಸಗಿಯಾಗಿ ಪರೀಕ್ಷೆ ಕಟ್ಟಿಸಬಹುದು. ಅಂದ ಹಾಗೆ ಅವಳ ತಾಯಿಗೆ ಬಂದ ಕ್ಯಾನ್ಸರಿಗೆ ಎಚ್‌ಪಿವಿ ಲಸಿಕೆ ಇದೆ. 9ರಿಂದ 14ರೊಳಗೆ ಹಾಕಿಸಿದರೆ ಒಳ್ಳೆಯದು, ಆಮೇಲೂ ಹಾಕಿಸಬಹುದು. ವಿಮೆಯ ದುಡ್ಡು ಬಂದಾಗ ಮೊದಲು ಅದನ್ನು ಮಾಡಿಸು.

ಏನಾಯಿತು ಅಂತ ಬರಿ. ಮಗಳ ಕೈಲೇ ಬರೆಸು.

*

ಪ್ರಶ್ನೆ: ನಾನು ಅರ್ಥಶಾಸ್ತ್ರ ಎಂ.ಎ. ವಿದ್ಯಾರ್ಥಿ. ಕ್ಯಾನ್ಸರ್ ಸಾವುಗಳಿಂದ ದೇಶಕ್ಕೆ ಇಷ್ಟು ಕೋಟಿ ನಷ್ಟ ಅಂತ ಓದುತ್ತೇವೆ. ಮನುಷ್ಯನ ಸಾವಿಗೆ ಬೆಲೆ ಕಟ್ಟೋದು ಅಸಹ್ಯ ಅನ್ನಿಸುವುದಿಲ್ಲವೇ? ಈ ಲೆಕ್ಕ ನಿಮ್ಮ ಅನುಭವಕ್ಕೆ ಹೊಂದುತ್ತದೆಯೇ?
— ಧಾರವಾಡ

ಉತ್ತರ: ಅಸಹ್ಯ ಏನೂ ಅನ್ನಿಸೋದಿಲ್ಲ. ಬಡವರು ಈ ಲೆಕ್ಕವನ್ನು ದಿನಾ ಹಾಕುತ್ತಾರೆ. ನೋಟ್‌ಬುಕ್ಕಿನ ಆ ಹೆಂಗಸು ಮಾಡಿದ್ದೂ ಅದನ್ನೇ ಅಲ್ವಾ?

ಲೆಕ್ಕ ಹಾಕೋ ಬಗೆ ನಿಮಗೇ ಗೊತ್ತು, ಉಳಿದ ಓದುಗರಿಗಾಗಿ ಹೇಳುತ್ತೇನೆ. ಒಬ್ಬ 40ಕ್ಕೆ ಸತ್ತ. ನಿವೃತ್ತಿಯವರೆಗೆ ದುಡಿದಿದ್ದರೆ ಎಷ್ಟು ಗಳಿಸುತ್ತಿದ್ದ? ಅದು ನಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಹೀಗೆ ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ ಐದೂ ದೇಶಗಳದ್ದನ್ನು 2012ರ ಸಾವುಗಳಿಗೆ ಕೂಡಿಸಿದರು. ಒಟ್ಟು 4,630 ಕೋಟಿ ಡಾಲರ್. ಭಾರತದ ಪಾಲು 670 ಕೋಟಿ ಡಾಲರ್, ಆಗಿನ ಬೆಲೆಯಲ್ಲಿ ಸುಮಾರು 36 ಸಾವಿರ ಕೋಟಿ ರೂಪಾಯಿ. ನಮ್ಮಲ್ಲಿ ಬಾಯಿ ಕ್ಯಾನ್ಸರಿನದು ಅದರಲ್ಲಿ ದೊಡ್ಡ ಪಾಲು. ಅದು ಮುಪ್ಪಿಗೆ ಕಾಯೋ ಕಾಯಿಲೆಯಲ್ಲ, ದುಡಿಯೋ ಗಂಡಸನ್ನೇ ಹಿಡಿಯುತ್ತೆ. ಹಾವೇರಿಯ ಪತ್ರ ಓದಿದಿರಲ್ಲ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದು ವರ್ಷಕ್ಕೆ ಕ್ಯಾನ್ಸರಿನಿಂದ 9 ಲಕ್ಷಕ್ಕೂ ಜಾಸ್ತಿ ಜನ ಸಾಯುತ್ತಾರೆ.

ನನ್ನ ತಕರಾರು ಬೇರೆ. ಈ ಬಗೆಯ ಲೆಕ್ಕ ಸಂಬಳದ ಮೇಲೆ ನಿಂತಿದೆ. ಪೀಣ್ಯದ ಟೈಲರ್ ಅದರಲ್ಲಿ ಬರುತ್ತಾಳೆ, ಅವಳ ಸಂಬಳದಷ್ಟು. ಸಂಬಳ ಇಲ್ಲದ ಗೃಹಿಣಿ ಸತ್ತರೆ ನಷ್ಟ ಸೊನ್ನೆ. ಅವಳ ಜಾಗಕ್ಕೆ ಬಂದ ಹದಿನೈದರ ಮಗಳೂ ಸೊನ್ನೆ, ಅವಳಿಗೂ ಸಂಬಳ ಇಲ್ಲವಲ್ಲ. ಎರಡು ಸೊನ್ನೆ ಕೂಡಿದರೆ ಒಂದು ಮನೆ ಮುಳುಗಿರುತ್ತೆ. ಇನ್ನೊಂದು ಲೆಕ್ಕ ಇದೆ, ಅದನ್ನೂ ಅದೇ ಕೇಂದ್ರದವರು ಹಾಕಿದ್ದಾರೆ. 2020ರಲ್ಲಿ ಜಗತ್ತಿನಲ್ಲಿ 44 ಲಕ್ಷ ಹೆಂಗಸರು ಕ್ಯಾನ್ಸರಿನಿಂದ ತೀರಿಕೊಂಡರು. ಅದರಿಂದ ಆ ಒಂದೇ ವರ್ಷ ತಾಯಿ ಇಲ್ಲದಂತಾದ ಮಕ್ಕಳು ಸುಮಾರು 10 ಲಕ್ಷ 40 ಸಾವಿರ. ಕಾಲು ಭಾಗ ಸ್ತನ ಕ್ಯಾನ್ಸರಿನಿಂದ, ಇನ್ನು ನೂರಕ್ಕೆ 18 ಪಾಲು ಗರ್ಭಕೊರಳಿನದರಿಂದ. ನಿಮ್ಮ ಪ್ರಬಂಧಕ್ಕೆ ವಿಷಯ ಬೇಕಿದ್ದರೆ ಇಲ್ಲಿಂದ ಶುರು ಮಾಡಿ.

ಒಂದು ತಮಾಷೆ ಹೇಳಲಾ? ಹಾವೇರಿಯವರಿಗೆ 20 ಸಾವಿರದ ಕುಟುಂಬ ನೆರವು ಅಂತ ಹೇಳಿದೆನಲ್ಲ, ಅದರ ನಿಯಮದಲ್ಲಿ ಒಂದು ಸಾಲಿದೆ. ಮನೆ ನೋಡಿಕೊಳ್ಳುವ ಹೆಂಗಸನ್ನೂ 'ದುಡಿಯುವವಳು' ಎಂದೇ ಪರಿಗಣಿಸಬೇಕು ಅಂತ. ಯಾವನೋ ಒಬ್ಬ ಗುಮಾಸ್ತ ಪುಣ್ಯಾತ್ಮ ಅದನ್ನು ಸೇರಿಸಿರಬೇಕು. ಕೌಂಟರಿನಲ್ಲಿ ಕೂತವರಿಗೆ ಮಾತ್ರ ಅದು ಗೊತ್ತಿರೋದಿಲ್ಲ. ನಾನು ಆ ಸಾಲಿನ ಜೆರಾಕ್ಸ್ ಮಾಡಿಸಿ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಹೆಂಡತಿ ಸತ್ತ ಗಂಡಸರ ಕೈಗೆ ಒಂದೊಂದು ಕೊಟ್ಟು ಕಳಿಸುತ್ತಿದ್ದೆ.

*

ಪ್ರಶ್ನೆ: ನನ್ನ ಗಂಡ 36ಕ್ಕೆ ರಕ್ತದ ಕ್ಯಾನ್ಸರಿನಿಂದ ಹೋದರು. ಅತ್ತೆ ಮನೆಯಲ್ಲಿ ನನ್ನ ಐದು ವರ್ಷದ ಮಗನಿಗೆ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ನಾದಿನಿ ಮಕ್ಕಳ ಜೊತೆ ಮಲಗಿಸುವುದಿಲ್ಲ. ಅವನಿಗೂ ಅಂಟಿರುತ್ತಾ?
— ರಾಯಚೂರು ಜಿಲ್ಲೆ

ಉತ್ತರ: ಇಲ್ಲ ತಾಯಿ. ತಟ್ಟೆಯಿಂದ, ಹಾಸಿಗೆಯಿಂದ, ಎಂಜಲಿನಿಂದ ಕ್ಯಾನ್ಸರ್ ಅಂಟೋದಿಲ್ಲ. ಅಪ್ಪನಿಗೆ ರಕ್ತದ ಕ್ಯಾನ್ಸರ್ ಬಂತು ಅಂತ ಮಗನಿಗೆ ಬರುತ್ತೆ ಅನ್ನೋದೂ ಇಲ್ಲ. ಈ ಪುಟವನ್ನು ಅತ್ತೆಯವರ ಮುಂದೆ ಗಟ್ಟಿಯಾಗಿ ಓದಿ. ಆದರೆ ಹೆದರಿಕೆ ಒಂದೇ ಕಾರಣ ಅಂತ ನನಗೆ ಅನ್ನಿಸೋದಿಲ್ಲ. ತಟ್ಟೆ ಬೇರೆಯಾದ ಮನೆಯಲ್ಲಿ ಮುಂದೆ ಪಾಲು ಕೇಳೋ ದಿನವೂ ಬರುತ್ತೆ. ಗಂಡನ ಮರಣ ಪತ್ರ, ಮದುವೆಯ ಫೋಟೊ, ಮಗನ ಜನನ ಪತ್ರ ಮೂರೂ ನಿಮ್ಮ ಟ್ರಂಕಿನಲ್ಲಿ ಇರಲಿ. ಗಂಡನ ಪಾಲಿನಲ್ಲಿ ನಿಮಗೂ ಮಗನಿಗೂ ಹಕ್ಕಿದೆ. ಜಗಳಕ್ಕೆ ಬಂದರೆ ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ, ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರು ಪುಕ್ಕಟೆ.

*

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಆಗಾಗ ಅಡಿಕೆಯನ್ನು ಬೈಯುತ್ತೀರಿ. ನಾವು ಮೂರು ತಲೆಮಾರಿನಿಂದ ಅಡಿಕೆ ಬೆಳೆಯುವವರು. ನಮ್ಮಜ್ಜ ಕವಳ (ಎಲೆಯಡಿಕೆ) ಹಾಕಿಕೊಂಡೇ 88 ವರ್ಷ ಬದುಕಿದರು. ಗುಟ್ಕಾದ ತಪ್ಪಿಗೆ ಅಡಿಕೆಗೇಕೆ ಶಿಕ್ಷೆ?
— ಸಾಗರ ತಾಲೂಕು

ಉತ್ತರ: ನಾನೂ ನಿಮ್ಮ ಕಡೆಯವಳೇ. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯೋ ಕಾಲದಲ್ಲಿ ಶಾಲೆಗೆ ಚಕ್ಕರ್ ಹಾಕಿ ಅಡಿಕೆ ಸುಲಿದವಳು. ನಮ್ಮಪ್ಪ ನನ್ನನ್ನು ಓದಿಸಿದ್ದು ಅಡಿಕೆ ದುಡ್ಡಿನಲ್ಲಿ. ಹಾಗಾಗಿ ಬೈಯೋ ಬಾಯಿಯೂ ಅಡಿಕೆಯದೇ.

ಆದರೆ ಸುಳ್ಳು ಹೇಳಲಾರೆ. ತಂಬಾಕು ಸೇರಿಸದಿದ್ದರೂ ಅಡಿಕೆ ಜಗಿಯೋದರಿಂದ ಬಾಯಿ ಕ್ಯಾನ್ಸರ್ ಬರುತ್ತೆ ಅಂತ ಮೇಲೆ ಹೇಳಿದ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಕೇಂದ್ರವೇ 2004ರಲ್ಲಿ ತೀರ್ಮಾನ ಮಾಡಿದೆ. ತಂಬಾಕು ಸೇರಿದರೆ ಇನ್ನೂ ಕೆಟ್ಟದು. ನಿಮ್ಮಜ್ಜ 88 ಬದುಕಿದರು, ಸಂತೋಷ. ನಮ್ಮ ಚಿಕ್ಕಪ್ಪ 46ಕ್ಕೆ ಹೋದರು. ಜಗಲಿಯ ಮೇಲೆ ಕಂಚಿನ ಕವಳದ ತಟ್ಟೆ, ಅದರ ಮುಂದೆ ಚಿಕ್ಕಪ್ಪ, ಅವರ ಎಡಗೆನ್ನೆ ಯಾವಾಗಲೂ ಉಬ್ಬಿಕೊಂಡೇ ಇರುತ್ತಿತ್ತು. ಅನ್ನದ ತುತ್ತು ಚಿಕ್ಕದು ಮಾಡಿ ತಿನ್ನೋಕೆ ಶುರು ಮಾಡಿದಾಗ ಚಿಕ್ಕಮ್ಮ 'ಹಲ್ಲು ನೋವಿರಬೇಕು' ಅಂದುಕೊಂಡರು. ಒಂದು ವರ್ಷ ಹಾಗೇ ಕಳೆಯಿತು. ಆಮೇಲೆ ತೋಟ ನೋಡಿಕೊಳ್ಳೋಕೆ ಅಂತ ಪಿಯುಸಿ ಓದುತ್ತಿದ್ದ ನನ್ನ ತಮ್ಮ, ಚಿಕ್ಕಪ್ಪನ ಮಗ, ಕಾಲೇಜು ಬಿಟ್ಟ. ಅವನಿಗೆ ಗಣಿತದಲ್ಲಿ ನೂರಕ್ಕೆ 97 ಬಂದಿತ್ತು. ಈಗಲೂ ಮಂಡಿಯ ಲೆಕ್ಕ ಬಾಯಲ್ಲೇ ಹೇಳುತ್ತಾನೆ.

2013ರ ಮೇನಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯಿತು. ಆದದ್ದೇನು? ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ, ಎರಡೂ ಅದೇ ದಾರದಲ್ಲಿ ಅಕ್ಕಪಕ್ಕ ನೇತಾಡುತ್ತೆ. ಗಿರಾಕಿ ಹರಿದು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ಬೆಳೆಗಾರರಿಗೆ ಶಿಕ್ಷೆ ಕೊಡಿ ಅಂತ ನಾನೆಲ್ಲೂ ಬರೆದಿಲ್ಲ. ಬೆಲೆ ಬಿದ್ದರೆ ಏನಾಗುತ್ತೆ ಅಂತ ನನಗೆ ಗೊತ್ತು. ಆದರೆ ನಿಮ್ಮ ತೋಟಕ್ಕೆ ಕೊನೆ ಕೀಳೋಕೆ ಬರೋ ಹುಡುಗರು, ಸುಲಿಯೋಕೆ ಬರೋ ಹೆಂಗಸರು ಇದ್ದಾರಲ್ಲ, ಅವರಲ್ಲಿ ಎಷ್ಟು ಜನರ ಬಾಯಲ್ಲಿ ದಿನವಿಡೀ ಏನಾದರೂ ಇರುತ್ತೆ ಅಂತ ನೀವೇ ಎಣಿಸಿ.

ಒಂದು ಕೆಲಸ ಮಾಡುತ್ತೀರಾ? ಈ ಸಲ ಸುಲಿಯೋ ಕಾಲದಲ್ಲಿ ಒಂದು ಸಂಜೆ ಆಶಾ ಕಾರ್ಯಕರ್ತೆಯನ್ನು ಅಂಗಳಕ್ಕೆ ಕರೆಸಿ. ಒಂದು ಟಾರ್ಚು ಸಾಕು. ಎಲ್ಲರೂ ನಡುವಿನ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ನಿಲ್ಲಿಸಿ ನೋಡಲಿ. ಹೋಗದಿದ್ದರೆ ಬಾಯಿ ಬಿಗಿಯುತ್ತಿದೆ ಅಂತ ಅರ್ಥ. ಬಿಳಿ ಕಲೆ, ಕೆಂಪು ಕಲೆ, ಮೂರು ವಾರಕ್ಕೂ ಮಾಯದ ಹುಣ್ಣು ಕಂಡವರನ್ನು ಆಸ್ಪತ್ರೆಗೆ ಕಳಿಸಿ, ಆ ದಿನದ ಕೂಲಿ ಕೊಟ್ಟು ಕಳಿಸಿ. ತಿರುವನಂತಪುರದಲ್ಲಿ 1996ರಿಂದ ಹೀಗೆ ಮನೆ ಮನೆಗೆ ಹೋಗಿ ಬಾಯಿ ನೋಡಿದರು. ನೋಡಿದವರು ಡಾಕ್ಟರುಗಳಲ್ಲ, ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತರು. ತಂಬಾಕು, ಕುಡಿತ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರರಲ್ಲೊಂದು ಪಾಲು ಇಳಿಯಿತು.

ನಿಮ್ಮ ಬೆರಳನ್ನೂ ಇಟ್ಟು ನೋಡಿ. ಆ ಸಂಜೆ ನಮ್ಮ ತಮ್ಮನನ್ನೂ ಕರೆಸಿಕೊಳ್ಳಿ, ನಿಮ್ಮ ಊರಿಂದ ಎಂಟು ಕಿಲೋಮೀಟರು. ನಾನು ಹೇಳಿದರೆ ಕೇಳೋದಿಲ್ಲ ಅವನು. ಅದೇ ಕಂಚಿನ ತಟ್ಟೆ ಈಗ ಅವನ ಮುಂದಿದೆ.